ಪಟಾಕಿಯ ಸದ್ದೂ ನಾಯಿಯ ಕಿವಿಯೂ

ದೀಪಾವಳಿಯನ್ನು ಬೆಳಕಿನ ಹಬ್ಬವೆಂದು ಕರೆಯುವುದು ವಾಡಿಕೆ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ನೋಡುವವನಿಗೆ ಅದು ಬೆಳಕಿನ ಹಬ್ಬವಾಗಿರುವಷ್ಟೇ ಶಬ್ದದ ಹಬ್ಬವೂ ಹೌದು. ನರಕಚತುರ್ದಶಿಯ ನಸುಕಿನಲ್ಲಿ ಎಣ್ಣೆನೀರು ಮುಗಿಸಿದ ಮಕ್ಕಳು ಅಂಗಳಕ್ಕಿಳಿದು ಮೊದಲ ಪಟಾಕಿಯ ಬತ್ತಿಗೆ ಕಿಡಿ ತಾಗಿಸಿದ ಗಳಿಗೆಯಿಂದ ಬಲಿಪಾಡ್ಯಮಿಯ ಇರುಳು ಕಳೆಯುವವರೆಗೆ ನಮ್ಮ ಊರುಗಳ ಗಾಳಿ ಒಂದೇ ಸಮನೆ ನಡುಗುತ್ತಿರುತ್ತದೆ. ನಡುಗುವುದು ಗಾಳಿಯೊಂದೇ ಅಲ್ಲ. ಅದೇ ಮನೆಯ ಮಂಚದ ಕೆಳಗೆ, ಬಚ್ಚಲುಮನೆಯ ಮೂಲೆಯಲ್ಲಿ, ಬೀದಿಯಲ್ಲಾದರೆ ನಿಲ್ಲಿಸಿದ ಕಾರಿನ ಅಡಿಯಲ್ಲಿ, ಬಾಲವನ್ನು ಹೊಟ್ಟೆಗವಚಿಕೊಂಡು ನಾಯಿಯೂ ನಡುಗುತ್ತಿರುತ್ತದೆ. ನಮಗೆ ಮೂರು ದಿನಗಳ ಸಂಭ್ರಮವಾದುದು ಅದಕ್ಕೆ ಮೂರು ದಿನಗಳ ಭಯ. ಈ ಭಯದ ಮೂಲವೇನು, ಅದನ್ನು ತಗ್ಗಿಸಲು ಶಬ್ದಶಾಸ್ತ್ರವೂ ಶರೀರಶಾಸ್ತ್ರವೂ ನಮಗೆ ಯಾವ ದಾರಿಗಳನ್ನು ತೋರಿಸಬಲ್ಲವು ಎಂಬುದೇ ಈ ಲೇಖನದ ವಿಷಯ.

ಮೊದಲು ಪಟಾಕಿಯನ್ನೇ ನೋಡೋಣ. ಹಳೆಯ ಸಿಡಿಮದ್ದು ಪೆಟ್ಲುಪ್ಪು, ಇದ್ದಲು, ಗಂಧಕ ಇವುಗಳ ಮಿಶ್ರಣ; ತೂಕದಲ್ಲಿ ಸುಮಾರು 75, 15, 10ರ ಪ್ರಮಾಣ. ಇಂದಿನ ದೊಡ್ಡ ಸದ್ದಿನ ಪಟಾಕಿಗಳಲ್ಲಿ ಇದ್ದಲಿನ ಬದಲು ನುಣ್ಣನೆಯ ಅಲ್ಯೂಮಿನಿಯಂ ಪುಡಿಯನ್ನು ಬಳಸುವುದುಂಟು. ಬಿಗಿಯಾಗಿ ಸುತ್ತಿದ ಕಾಗದದ ಕವಚದೊಳಗೆ ಮದ್ದು ಉರಿದಾಗ ಬಿಸಿಯಾದ ಅನಿಲಗಳು ಹೊರಬರಲು ದಾರಿಯಿಲ್ಲದೆ ಒತ್ತಡವನ್ನು ಬೆಳೆಸಿಕೊಂಡು, ಕೊನೆಗೆ ಕವಚವನ್ನು ಸೀಳಿ ಹೊರಕ್ಕೆ ನುಗ್ಗುತ್ತವೆ. ಸುತ್ತಲಿನ ಗಾಳಿ ಒಮ್ಮೆಗೇ ಅದುಮಲ್ಪಟ್ಟು, ಆ ಅದುಮುವಿಕೆ ಸೆಕೆಂಡಿಗೆ ಸುಮಾರು 340 ಮೀಟರುಗಳ ವೇಗದಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ನಾವು ಕೇಳುವ 'ಢಂ' ಎಂಬ ಸದ್ದು ಇದೇ. ಕವಚ ಬಿಗಿಯಾದಷ್ಟೂ ಸದ್ದು ಜೋರು. ಮದ್ದನ್ನು ಕಾಗದದ ಮೇಲೆ ಸುರಿದು ಹಚ್ಚಿದರೆ 'ಬುಸ್' ಎಂದು ಉರಿದುಹೋಗುವುದಷ್ಟೆ.

ನಮ್ಮ ದೇಶದ 1999ರ ನಿಯಮವೊಂದರ ಪ್ರಕಾರ, ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್‌ಗಿಂತ ಹೆಚ್ಚು ಸದ್ದು ಮಾಡುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಡೆಸಿಬೆಲ್ ಎಂಬುದು ಘಾತಗಳ ಲೆಕ್ಕ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ನಾವಿಬ್ಬರು ಎದುರುಬದುರು ಕುಳಿತು ಮಾತನಾಡುವಾಗಿನ ಸದ್ದು ಸುಮಾರು 60 ಡೆಸಿಬೆಲ್. ಎಂದಮೇಲೆ 125 ಡೆಸಿಬೆಲ್ಲಿನ ಪಟಾಕಿಯ ಸದ್ದು ಮಾತಿನ ಸದ್ದಿಗಿಂತ ಎರಡು ಪಟ್ಟು ದೊಡ್ಡದೆಂದು ತಿಳಿಯಬಾರದು. ತೀವ್ರತೆಯಲ್ಲಿ ಅದು 30 ಲಕ್ಷ ಪಟ್ಟಿಗೂ ಮಿಗಿಲು. ಇದು ನಿಯಮ ಒಪ್ಪುವ ಪಟಾಕಿಯ ಮಾತು. ಒಪ್ಪದ ಪಟಾಕಿಗಳು ಬೀದಿಯಲ್ಲಿ ಸಿಡಿಯುವುದಿಲ್ಲವೆಂದು ಯಾರೂ ಹೇಳಲಾರರು.

ಈ ಅಳತೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಂಗತಿಯಿದೆ. 125 ಡೆಸಿಬೆಲ್ ಎಂಬ ಮಿತಿಯನ್ನು ಅಳೆಯುವುದು 'ಎ' ತೂಕದ ಮಾಪಕದಿಂದ. ಮಾನವನ ಕಿವಿಗೆ ಯಾವ ಕಂಪನಾಂಕದ ಶಬ್ದ ಎಷ್ಟು ಚುರುಕಾಗಿ ಕೇಳುವುದೋ ಅದಕ್ಕೆ ಅನುಗುಣವಾಗಿ ಈ ಮಾಪಕ ಬೇರೆಬೇರೆ ಕಂಪನಾಂಕಗಳಿಗೆ ಬೇರೆಬೇರೆ ಬೆಲೆ ಕೊಡುತ್ತದೆ. ನಮ್ಮ ಕಿವಿಗೆ ಕೇಳದುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾನೂನಿನ ಕಿವಿ ಮನುಷ್ಯನ ಕಿವಿ. ನಾಯಿಯ ಕಿವಿ ಅದಲ್ಲ.

ಎಳೆಯ ವಯಸ್ಸಿನ ಆರೋಗ್ಯವಂತ ಮನುಷ್ಯ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದಗಳನ್ನು ಕೇಳಬಲ್ಲ. ನಾಯಿಯಾದರೋ ಸುಮಾರು 67ರಿಂದ 45,000 ಕಂಪನಗಳವರೆಗೆ ಕೇಳುತ್ತದೆ. ಕೆಳಗಿನ ತುದಿಯಲ್ಲಿ ಅದು ನಮಗಿಂತ ಮೇಲಲ್ಲ ಎಂಬುದನ್ನು ಗಮನಿಸಬೇಕು. ಮೇಲಿನ ತುದಿಯಲ್ಲಿ ಅದಕ್ಕೆ ನಮಗಿಂತ ಒಂದು ಇಡೀ ಸಪ್ತಕಕ್ಕೂ ಮಿಗಿಲಾದ ಕ್ಷೇತ್ರ ತೆರೆದಿದೆ. 8,000 ಕಂಪನಗಳ ಆಸುಪಾಸಿನಲ್ಲಿ ನಾಯಿಯ ಕಿವಿ ಅತ್ಯಂತ ಚುರುಕು. 'ನಾಯಿಗೆ ನಮಗಿಂತ ನಾಲ್ಕು ಪಟ್ಟು ಚೆನ್ನಾಗಿ ಕೇಳುತ್ತದೆ' ಎಂಬಂಥ ಮಾತುಗಳು ಪ್ರಚಾರದಲ್ಲಿವೆ. ಯಾವ ಕಂಪನಾಂಕದಲ್ಲಿ ಎಂದು ಹೇಳದ ಹೊರತು ಆ ಮಾತಿಗೆ ಅರ್ಥವಿಲ್ಲ.

ಈ ಸಂಗತಿಗಳು ತಿಳಿದುಬಂದ ಕಥೆ ಸ್ವಾರಸ್ಯವಾದುದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ಒಂದು ಪುಟ್ಟ ಸೀಟಿಯನ್ನು ರಚಿಸಿದ. ಅದರೊಳಗಿನ ಗಾಳಿಯ ಕಂಬದ ಉದ್ದವನ್ನು ತಿರುಪಿನಿಂದ ಕಿರಿದುಗೊಳಿಸುತ್ತ ಹೋದರೆ ಸ್ವರ ಏರುತ್ತ ಏರುತ್ತ ಕೊನೆಗೆ ಮನುಷ್ಯನಿಗೆ ಕೇಳಿಸದಷ್ಟು ಎತ್ತರ ಮುಟ್ಟುತ್ತಿತ್ತು. ಈ ಸೀಟಿಯನ್ನು ತನ್ನ ಊರುಗೋಲಿನ ತುದಿಗೆ ಸಿಕ್ಕಿಸಿ, ಹಿಡಿಯ ಬಳಿ ರಬ್ಬರಿನ ಬುರುಡೆಯನ್ನು ಜೋಡಿಸಿಕೊಂಡು ಗಾಲ್ಟನ್ ಲಂಡನ್ನಿನ ಮೃಗಾಲಯದಲ್ಲಿ ತಿರುಗಾಡಿದ. ಪ್ರಾಣಿಗಳ ಕಿವಿಯ ಹತ್ತಿರ ಕೋಲನ್ನು ಹಿಡಿದು, ಅವು ಅದಕ್ಕೆ ಒಗ್ಗಿಕೊಂಡ ಮೇಲೆ ಬುರುಡೆಯನ್ನು ಒತ್ತುವುದು. ಕಿವಿ ನಿಮಿರಿದರೆ ಕೇಳಿಸಿತೆಂದು ಲೆಕ್ಕ. ಬೆಕ್ಕುಗಳು ಎಲ್ಲಕ್ಕಿಂತ ಮೇಲೆನಿಸಿದವು. ಚಿಕ್ಕ ನಾಯಿಗಳೂ ತೇರ್ಗಡೆಯಾದವು. ಆದರೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಬೀದಿಗಳಲ್ಲಿ ಮಲಗಿದ್ದ ದೊಡ್ಡ ನಾಯಿಗಳ ಬಳಿ ಗಂಟೆಗಟ್ಟಲೆ ಸೀಟಿ ಊದಿದರೂ ಒಂದೂ ಕಿವಿ ನಿಮಿರಿಸಲಿಲ್ಲ. ದೊಡ್ಡ ನಾಯಿಗಳಿಗೆ ಈ ಸ್ವರ ಕೇಳದೆಂದು ಗಾಲ್ಟನ್ ತೀರ್ಮಾನಿಸಿದ.

ನೂರು ವರ್ಷಗಳ ತರುವಾಯ, 1983ರಲ್ಲಿ, ಅಮೆರಿಕದ ಹೆಫ್ನರ್ ಎಂಬ ವಿಜ್ಞಾನಿ ಅಂಗೈಯಗಲದ ಚಿವಾವಾದಿಂದ ಹಿಡಿದು ಬೃಹದಾಕಾರದ ಸೇಂಟ್ ಬರ್ನಾರ್ಡ್‌ವರೆಗೆ ನಾಯಿಗಳ ಶ್ರವಣಶಕ್ತಿಯನ್ನು ಪ್ರಯೋಗಶಾಲೆಯಲ್ಲಿ ಕ್ರಮವಾಗಿ ಅಳೆದು ನೋಡಿದಾಗ ಮೇಲಿನ ಮಿತಿ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಎಂದು ಕಂಡುಬಂದಿತು. ಹಾಗಾದರೆ ಬರ್ನ್ ನಗರದ ನಾಯಿಗಳಿಗೆ ಏನಾಗಿತ್ತು? ಬಹುಶಃ ಏನೂ ಆಗಿರಲಿಲ್ಲ. ಅವಕ್ಕೆ ಕೇಳಿಸಿದ್ದಿರಬೇಕು, ಕಿವಿ ಎತ್ತುವಷ್ಟು ಮುಖ್ಯವೆಂದು ತೋರಿರಲಾರದು! ಹೊರಗೆ ಪ್ರತಿಕ್ರಿಯೆ ಕಾಣದ ಮಾತ್ರಕ್ಕೆ ಒಳಗೆ ಅನುಭವವಿಲ್ಲವೆಂದು ಹೇಳಲಾಗದು. ಈ ಮಾತು ಮುಂದೆ ಮತ್ತೊಮ್ಮೆ ನಮಗೆ ಬೇಕಾಗುತ್ತದೆ.

ಈಗ ಪಟಾಕಿಗೂ ಈ ಕಿವಿಗೂ ಸಂಬಂಧ ಕಲ್ಪಿಸೋಣ. ಕ್ಷಣಮಾತ್ರದಲ್ಲಿ ಹುಟ್ಟಿ ಕ್ಷಣಮಾತ್ರದಲ್ಲಿ ಅಡಗುವ ಸದ್ದಿನಲ್ಲಿ ಯಾವುದೋ ಒಂದು ಕಂಪನಾಂಕವಲ್ಲ, ಬಹು ವಿಸ್ತಾರವಾದ ಕಂಪನಾಂಕಗಳ ಸಮುದಾಯವೇ ಅಡಗಿರುತ್ತದೆ. ಸದ್ದು ಎಷ್ಟು ಗಿಡ್ಡದೋ ಸಮುದಾಯ ಅಷ್ಟು ವಿಸ್ತಾರ. ಫೂರಿಯೆಯ ಗಣಿತವನ್ನು ಓದಿರುವ ಕಾಲೇಜು ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ. ಆಟಂಬಾಂಬು ಎಂದು ಮಕ್ಕಳು ಕರೆಯುವ ದಪ್ಪ ಪಟಾಕಿಯ ಸದ್ದಿನಲ್ಲಿ ಕೆಳಗಿನ ಕಂಪನಗಳ ಪಾಲು ಹೆಚ್ಚು. ಎದೆಗೆ ಗುದ್ದಿದಂತಾಗುವುದು ಅದರಿಂದಲೇ. ಪುಟ್ಟ ಸರಪಟಾಕಿಯ 'ಚಟ್ ಚಟ್' ಸದ್ದಿನಲ್ಲಿಯೂ ಸಿಳ್ಳೆ ಹಾಕುತ್ತ ಏರುವ ರಾಕೆಟ್ಟಿನಲ್ಲಿಯೂ ಮೇಲಿನ ಕಂಪನಗಳ ಪಾಲು ಹೆಚ್ಚು. ನಮಗೆ ಚಿಕ್ಕದೆಂದು ತೋರುವ ಪಟಾಕಿ ಹತ್ತಿರದಲ್ಲಿರುವ ನಾಯಿಗೆ ಚಿಕ್ಕದಾಗಿರಲಾರದು.

ಇನ್ನೊಂದು ವಿಚಾರ. ಮಧ್ಯಕರ್ಣದಲ್ಲಿರುವ ಒಂದು ಕಿರಿಯ ಸ್ನಾಯು ಜೋರಾದ ಸದ್ದು ಕೇಳಿದೊಡನೆ ಬಿಗಿದುಕೊಂಡು ಒಳಗಿವಿಯನ್ನು ಸ್ವಲ್ಪಮಟ್ಟಿಗೆ ರಕ್ಷಿಸುತ್ತದೆ. ಆದರೆ ಅದು ಪೂರ್ಣವಾಗಿ ಬಿಗಿದುಕೊಳ್ಳಲು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಬೇಕು. ಪಟಾಕಿಯ ಒತ್ತಡ ಏರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಕಾಲದಲ್ಲಿ. ಬಾಗಿಲು ಹಾಕುವಷ್ಟರಲ್ಲಿ ಕಳ್ಳ ಒಳಗೆ ಬಂದಾಗಿರುತ್ತದೆ. ಈ ಮಾತು ನಾಯಿಗೆ ಹೇಗೋ ಮನುಷ್ಯರಿಗೂ ಹಾಗೆಯೇ ಸಲ್ಲುವುದರಿಂದ, ಪಟಾಕಿ ಹಚ್ಚುವ ವಿದ್ಯಾರ್ಥಿಗಳು ತಮ್ಮ ಕಿವಿಗಳ ಬಗೆಗೂ ಒಂದಿಷ್ಟು ಯೋಚಿಸುವುದು ಒಳ್ಳೆಯದು.

ಹೀಗಿದ್ದರೂ ಭಯಕ್ಕೆ ಸದ್ದಿನ ಪ್ರಮಾಣವೊಂದೇ ಕಾರಣವಲ್ಲ. ಮಿಕ್ಸರು ಗರಗರನೆ ತಿರುಗುವಾಗ ನಾಯಿ ಅದರ ಪಕ್ಕದಲ್ಲಿಯೇ ನಿದ್ದೆ ಮಾಡುವುದುಂಟು. ಮಿಕ್ಸರಿನ ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಅದಕ್ಕೆ ಗೊತ್ತು. ಪಟಾಕಿ ಯಾವಾಗ ಸಿಡಿಯುವುದೋ ಗೊತ್ತಿಲ್ಲ. ಎಲ್ಲಿಂದ ಎಂಬುದೂ ತಿಳಿಯದು. ಎರಡು ಕಿವಿಗಳಿಗೆ ಸದ್ದು ತಲಪುವ ಕಾಲದ ಅತ್ಯಲ್ಪ ವ್ಯತ್ಯಾಸದಿಂದ ಪ್ರಾಣಿ ದಿಕ್ಕನ್ನು ಗುರುತಿಸುತ್ತದೆಯಷ್ಟೆ. ಎರಡೂ ಕಡೆ ಮನೆಗಳು ಒತ್ತೊತ್ತಾಗಿರುವ ಕೇರಿಯಲ್ಲಿ ಸಿಡಿದ ಒಂದು ಪಟಾಕಿಗೆ ಹತ್ತು ಗೋಡೆಗಳಿಂದ ಹತ್ತು ಪ್ರತಿಧ್ವನಿಗಳು ಬರುವಾಗ ಶತ್ರು ಎಲ್ಲಿದ್ದಾನೆಂದು ನಾಯಿ ಹೇಗೆ ತಿಳಿದೀತು? ಓಡಬೇಕೆನಿಸುತ್ತದೆ, ಎತ್ತ ಓಡಬೇಕೆಂದು ತೋರದು. ಹಗ್ಗ ಹರಿದುಕೊಂಡು, ಕಾಂಪೌಂಡು ಹಾರಿ, ದಿಕ್ಕುಗೆಟ್ಟು ಓಡಿದ ನಾಯಿ ವಾಹನಗಳಿಗೆ ಸಿಕ್ಕುವುದೂ ಮನೆಯ ದಾರಿ ತಪ್ಪುವುದೂ ಹೀಗೆಯೇ. ನಮ್ಮ ನೆರೆಮನೆಯ ನಾಯಿಯೊಂದು ಒಂದು ನರಕಚತುರ್ದಶಿಯ ಬೆಳಗ್ಗೆ ಹೀಗೆ ಹೋದದ್ದು ಮೂರನೆಯ ದಿನ ಊರಾಚೆಯ ಇಟ್ಟಿಗೆ ಗೂಡಿನ ಬಳಿ ಸಿಕ್ಕಿತು. ಕಾಲಿನ ಪಾದಗಳು ಸವೆದು ರಕ್ತವಾಗಿದ್ದವು. ಸಿಕ್ಕಿದ್ದೇ ಪುಣ್ಯ.

ಒಮ್ಮೆ ಹತ್ತಿದ ಭಯ ಎಷ್ಟು ಕಾಲ ಉಳಿಯುತ್ತದೆ? ಇದಕ್ಕೆ ಪಾವ್ಲೊವ್‌ನ ಪ್ರಯೋಗಶಾಲೆಯಲ್ಲಿ ನಡೆದ ಒಂದು ಆಕಸ್ಮಿಕ ಉತ್ತರ ಕೊಡುತ್ತದೆ. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವ ಪಾಠವನ್ನು ನೀವೆಲ್ಲರೂ ಓದಿದ್ದೀರಿ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ಭಾರಿ ನೆರೆ ಬಂದಿತು. ಗೂಡುಗಳಲ್ಲಿದ್ದ ಪಾವ್ಲೊವ್‌ನ ನಾಯಿಗಳು ಮುಳುಗುವುದರಲ್ಲಿದ್ದವು. ಕೆಲಸಗಾರರು ಅವನ್ನು ನೀರಿನೊಳಗಿಂದ ಎಳೆದು ಪಾರು ಮಾಡಿದರು. ಪ್ರಾಣವೇನೋ ಉಳಿಯಿತು; ಆದರೆ ಕೆಲವು ನಾಯಿಗಳು ಕಲಿತ ಪಾಠಗಳನ್ನೆಲ್ಲ ಮರೆತುಬಿಟ್ಟವು. ವಾರಗಟ್ಟಲೆ ಆರೈಕೆಯಾದ ಮೇಲೆ ಒಂದು ನಾಯಿ ಮೊದಲಿನಂತಾಯಿತೆಂದು ತೋರಿದಾಗ, ಪ್ರಯೋಗದ ಕೋಣೆಯ ಬಾಗಿಲ ಸಂದಿನಿಂದ ಒಂದು ಕಿರಿಯ ನೀರಿನ ಧಾರೆಯನ್ನು ಒಳಗೆ ಹರಿಯಬಿಟ್ಟರು. ಅಷ್ಟು ಸಾಕಾಯಿತು, ನಾಯಿ ತತ್ತರಿಸಿ ಮತ್ತೆ ಹಳೆಯ ಸ್ಥಿತಿಗೆ ಮರಳಿತು. ನೆರೆಯೇ ಬರಬೇಕೆಂದಿಲ್ಲ, ನೆರೆಯನ್ನು ನೆನಪಿಸುವ ಒಂದು ಧಾರೆ ಸಾಕು. ದೀಪಾವಳಿಯಲ್ಲಿ ಬೆಚ್ಚಿದ ನಾಯಿ ಕಾರ್ತಿಕದ ಗುಡುಗಿಗೂ ಮದುವೆ ದಿಬ್ಬಣದ ಪಟಾಕಿಗೂ ಕೊನೆಗೆ ಕದ ಬಡಿದ ಸದ್ದಿಗೂ ಬೆಚ್ಚತೊಡಗುವುದು ಇದೇ ಬಗೆಯಿಂದ. ಆದಕಾರಣ ಮೊದಲ ದೀಪಾವಳಿಯನ್ನು ಕಾಣುತ್ತಿರುವ ಮರಿಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹುಟ್ಟಿದ ಮೂರನೆಯ ವಾರದಿಂದ ಮೂರನೆಯ ತಿಂಗಳಿನ ತನಕ ಮರಿಯ ಮನಸ್ಸು ಲೋಕವನ್ನು ಅರಿತುಕೊಳ್ಳುವ ಕಾಲ. ಆಗ ಬಿದ್ದ ಅಚ್ಚು ಬಹುಕಾಲ ನಿಲ್ಲುತ್ತದೆ.

'ನಮ್ಮ ನಾಯಿಗೆ ಪಟಾಕಿಯ ಹೆದರಿಕೆಯಿಲ್ಲ' ಎಂದು ಹೇಳುವವರು ಅನೇಕರು. ಇಂಗ್ಲೆಂಡಿನ ಬ್ರಿಸ್ಟಲ್‌ನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, 'ನಿಮ್ಮ ನಾಯಿ ಸದ್ದುಗಳಿಗೆ ಹೆದರುತ್ತದೆಯೇ?' ಎಂಬ ಪ್ರಶ್ನೆಗೆ ನೂರಕ್ಕೆ ಸುಮಾರು 25 ಮಂದಿ ಒಡೆಯರು ಹೌದೆಂದರು. ಆದರೆ ಪ್ರಶ್ನೆಯನ್ನು ಬದಲಿಸಿ, 'ಸದ್ದಾದಾಗ ನಡುಗುತ್ತದೆಯೇ, ಅಡಗಿಕೊಳ್ಳುತ್ತದೆಯೇ, ಬೊಗಳುತ್ತದೆಯೇ, ನಿಮ್ಮ ಬಳಿ ಬರುತ್ತದೆಯೇ?' ಎಂದು ಒಂದೊಂದಾಗಿ ವಿಚಾರಿಸಿದಾಗ ನೂರಕ್ಕೆ 49 ನಾಯಿಗಳಲ್ಲಿ ಒಂದಲ್ಲ ಒಂದು ಲಕ್ಷಣವಿರುವುದು ತಿಳಿದುಬಂದಿತು. ಬರ್ನ್ ನಗರದಲ್ಲಿ ಗಾಲ್ಟನ್‌ಗೆ ಆದುದೇ ನಮಗೂ ಆಗುತ್ತಿದೆ. ನೋಡಬೇಕಾದ ಲಕ್ಷಣಗಳು ಯಾವುವೆಂದರೆ, ಬಾಲ ಒಳಗೆ ಸೇರುವುದು, ಕಿವಿ ಹಿಂದಕ್ಕೆ ಬಾಗುವುದು, ಬಿಸಿಲಿಲ್ಲದೆಯೂ ಏದುಸಿರು ಬಿಡುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವುದು, ಇಷ್ಟದ ತಿಂಡಿಯನ್ನೂ ಮೂಸದೆ ಬಿಡುವುದು. ಪಟಾಕಿಯ ಕಡೆ ನುಗ್ಗಿ ಬೊಗಳುವ ನಾಯಿಯನ್ನು ಧೈರ್ಯಶಾಲಿಯೆಂದು ಹೊಗಳುವುದುಂಟು. ಅನೇಕ ವೇಳೆ ಅದೂ ಭಯದ ಇನ್ನೊಂದು ಮುಖ.

ಇನ್ನು ಪರಿಹಾರದ ಮಾತು. ಇಲ್ಲಿ ಭೌತಶಾಸ್ತ್ರ ನಮಗೆ ನೇರವಾಗಿ ನೆರವಾಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 4 ಮೀಟರಿನಲ್ಲಿ 125 ಇದ್ದುದು 8 ಮೀಟರಿನಲ್ಲಿ 119, 16ರಲ್ಲಿ 113, 32ರಲ್ಲಿ 107, 64 ಮೀಟರಿನಲ್ಲಿ 101 ಆಗುತ್ತದೆ. ಇಳಿಕೆ ನಿಧಾನವೆಂದು ತೋರುತ್ತದೆ. ಆದರೆ ನಾಯಿಗೆ ಮಾತ್ರ ಕೇಳುವ ಎತ್ತರದ ಕಂಪನಗಳನ್ನು ಗಾಳಿಯೇ ಹೀರಿಕೊಳ್ಳುತ್ತದೆ. 40,000 ಕಂಪನಗಳ ಶಬ್ದ ಪ್ರತಿಯೊಂದು ಮೀಟರಿಗೂ ಸುಮಾರು ಒಂದು ಡೆಸಿಬೆಲ್‌ನಷ್ಟೋ ಅದಕ್ಕಿಂತ ಹೆಚ್ಚಾಗಿಯೋ ಗಾಳಿಯಲ್ಲಿ ಲಯವಾಗುತ್ತದೆ. ಎಂದರೆ ನಾಯಿಯನ್ನು ಪಟಾಕಿಯಿಂದ 50 ಮೀಟರ್ ದೂರ ಸರಿಸಿದರೆ ಅದಕ್ಕೆ ಆಗುವ ಉಪಕಾರ ನಮಗೆ ಆಗುವುದಕ್ಕಿಂತ ಎಷ್ಟೋ ಹೆಚ್ಚು. ಗೋಡೆಗಳೂ ಹಾಗೆಯೇ, ಎತ್ತರದ ಕಂಪನಗಳನ್ನು ಸುಲಭವಾಗಿ ತಡೆಯುತ್ತವೆ, ಕೆಳಗಿನ ಗುಡುಗನ್ನು ಸ್ವಲ್ಪ ಒಳಬಿಡುತ್ತವೆ. ಬೀದಿಯ ಕಡೆಯ ಕೋಣೆಗಿಂತ ನಡುಮನೆ ಮೇಲು; ನಡುಮನೆಗಿಂತ ಅದರ ಹಿಂದಿನ ಕಿಟಕಿಯಿಲ್ಲದ ಕೋಣೆ ಇನ್ನೂ ಮೇಲು.

ಆದರೆ ಸಂದುಗಳನ್ನು ಮರೆಯಬಾರದು. ಒಂದು ಇಟ್ಟಿಗೆಯ ಗೋಡೆ ಸದ್ದನ್ನು 45 ಡೆಸಿಬೆಲ್‌ನಷ್ಟು ತಗ್ಗಿಸಬಲ್ಲುದೆಂದು ಇಟ್ಟುಕೊಳ್ಳಿ. 10 ಚದರ ಮೀಟರ್ ಗೋಡೆಯಲ್ಲಿ ಅಂಗೈಯಗಲದ ಎರಡು ಮೂರು ಸಂದುಗಳು, ಒಟ್ಟು ಒಂದು ಚದರ ಮೀಟರಿನ ಹತ್ತನೆಯ ಒಂದು ಭಾಗದಷ್ಟು ತೆರೆದಿದ್ದರೆ, ಬಂದ ಶಕ್ತಿಯ ನೂರರಲ್ಲೊಂದು ಪಾಲು ಅಡೆತಡೆಯಿಲ್ಲದೆ ಒಳಬರುತ್ತದೆ. ನೂರರಲ್ಲೊಂದು ಎಂದರೆ 20 ಡೆಸಿಬೆಲ್. ಗೋಡೆ ಕಲ್ಲಿನದಾಗಿರಲಿ ಉಕ್ಕಿನದಾಗಿರಲಿ, ಇಳಿಕೆ 20ನ್ನು ದಾಟದು! ಕಿಟಕಿಯನ್ನು ಮುಚ್ಚಿ ಬಾಗಿಲಡಿಯ ಸಂದಿಗೆ ಮಡಿಸಿದ ಕಂಬಳಿಯನ್ನು ಒತ್ತುವುದು ಹುಚ್ಚು ಉಪಾಯವಲ್ಲ, ಲೆಕ್ಕಾಚಾರದ ಉಪಾಯ. ಅನುಮಾನವಿದ್ದವರು ಗೆಳೆಯನೊಬ್ಬನಿಗೆ ಹೊರಗೆ ತಟ್ಟೆ ಬಡಿಯಲು ಹೇಳಿ, ತಾವು ಒಳಗೆ ಕುಳಿತು ಕಿಟಕಿಯನ್ನು ಬೆರಳಷ್ಟು ತೆರೆದೂ ಮುಚ್ಚಿಯೂ ಕೇಳಿ ನೋಡಬಹುದು. ಕೋಣೆಯೊಳಗೆ ರಜಾಯಿ, ಹಾಸಿಗೆಗಳನ್ನು ಹರಡಿದರೆ ಒಳಗೆ ಬಂದ ಸದ್ದು ಗೋಡೆಯಿಂದ ಗೋಡೆಗೆ ಪುಟಿಯದೆ ಬೇಗ ಅಡಗುತ್ತದೆ. ಆದರೆ ಗಾಳಿಯಾಡದಂತೆ ನಾಯಿಯನ್ನು ಕಪಾಟಿನೊಳಗೆ ಕೂಡಿಹಾಕಬಾರದು. ನಮ್ಮಂತೆ ನಾಯಿಯ ಮೈ ಬೆವರುವುದಿಲ್ಲ. ನಾಲಗೆಯಿಂದಲೂ ಶ್ವಾಸಮಾರ್ಗದಿಂದಲೂ ನೀರು ಆವಿಯಾದಾಗ ಅದರ ದೇಹ ತಂಪಾಗುತ್ತದೆ. ತೇವ ತುಂಬಿದ ಇಕ್ಕಟ್ಟಿನಲ್ಲಿ ಆವಿಯಾಗುವಿಕೆ ನಿಂತರೆ ಭಯದಿಂದ ಏದುಸಿರು ಬಿಡುವ ನಾಯಿ ಕಾವೇರಿ ಬಳಲುತ್ತದೆ. ಬಟ್ಟಲಿನಲ್ಲಿ ನೀರು ಇರಲೇಬೇಕು.

ಸದ್ದನ್ನು ಪೂರ್ಣವಾಗಿ ತಡೆಯಲಾಗದಿದ್ದಾಗ ಅದನ್ನು ಮರೆಮಾಡಬಹುದು. ಸೀಲಿಂಗ್ ಫ್ಯಾನು, ರೇಡಿಯೋ, ಟೆಲಿವಿಷನ್ ಯಾವುದಾದರೂ ಒಂದೇ ಹದದಲ್ಲಿ ಸದ್ದು ಮಾಡುತ್ತಿದ್ದರೆ ಮೌನಕ್ಕೂ ಸಿಡಿತಕ್ಕೂ ಇರುವ ಅಂತರ ಕುಗ್ಗುತ್ತದೆ; ಬೆಚ್ಚುವಿಕೆಯೂ ಕುಗ್ಗುತ್ತದೆ. ಪಟಾಕಿಗಿಂತ ಜೋರಾಗಿ ಹಾಕಬೇಕೆಂದು ಹೊರಟರೆ ನಾಯಿಗೆ ಎರಡು ಕಷ್ಟಗಳಾದಾವು.

ಹೆದರಿದ ನಾಯಿಯನ್ನು ಮುದ್ದಿಸಬಾರದು, ಮುದ್ದಿಸಿದರೆ ಹೆದರಿಕೆಗೆ ಬಹುಮಾನ ಕೊಟ್ಟಂತಾಗುತ್ತದೆ ಎಂಬ ಉಪದೇಶವನ್ನು ಕೆಲವು ಹಳೆಯ ಪುಸ್ತಕಗಳಲ್ಲಿ ಕಾಣಬಹುದು. ಇದು ತರ್ಕದ ವೇಷ ಹಾಕಿದ ತಪ್ಪು. ಬಹುಮಾನದಿಂದ ಬೆಳೆಯುವುದು ಬೇಕೆಂದು ಮಾಡುವ ಕೆಲಸ. ಭಯ ಬೇಕೆಂದು ಮಾಡುವ ಕೆಲಸವಲ್ಲ. ನಾಯಿ ತಾನಾಗಿ ಬಂದು ಒರಗಿಕೊಂಡರೆ ಶಾಂತವಾಗಿ ಪಕ್ಕದಲ್ಲಿ ಕುಳಿತು ಮೈದಡವಬಹುದು. ಅಡಗಿಕೊಂಡರೆ ಹೊರಗೆ ಎಳೆಯಬಾರದು. ಗದರಿಸುವುದಂತೂ ಸರ್ವಥಾ ಸಲ್ಲದು. ಅಷ್ಟೇ ಅಲ್ಲ, ಪ್ರತಿಯೊಂದು ಸಿಡಿತದ ಬೆನ್ನಲ್ಲೇ ಒಂದು ಚೂರು ರುಚಿಯಾದ ತಿಂಡಿಯನ್ನೋ ಆಟವನ್ನೋ ಒದಗಿಸಿದರೆ ಪಾವ್ಲೊವ್‌ನ ಗಂಟೆ ನಮ್ಮ ಪರವಾಗಿ ಬಾರಿಸತೊಡಗುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕಿ ಸ್ಟೆಫನಿ ರೀಮರ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಈ ಕ್ರಮವನ್ನು ಅನುಸರಿಸಿದ ಒಡೆಯರ ಪೈಕಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಗುಣ ಕಂಡುದಾಗಿ ಹೇಳಿದ್ದಾರೆ.

ಪಟಾಕಿಯ ಸದ್ದನ್ನು ಧ್ವನಿಮುದ್ರಿಸಿಕೊಂಡು, ಹಬ್ಬಕ್ಕೆ ತಿಂಗಳುಗಳ ಮೊದಲಿನಿಂದ ಬಹು ಮೆಲ್ಲಗೆ ಕೇಳಿಸುತ್ತ, ದಿನದಿನಕ್ಕೆ ತುಸುತುಸುವೇ ಏರಿಸುತ್ತ ನಾಯಿಯನ್ನು ಒಗ್ಗಿಸುವ ಕ್ರಮವೂ ಇದೆ. ಇದು ಒಳ್ಳೆಯದೇ, ಆದರೆ ಅದೇ ಸಮೀಕ್ಷೆಯಲ್ಲಿ ಇದು ಫಲಿಸಿತೆಂದವರು ನೂರಕ್ಕೆ 55 ಮಂದಿ. ನನಗೆ ತೋರುವ ಒಂದು ಕಾರಣವನ್ನು ಹೇಳುತ್ತೇನೆ. ಸಾಮಾನ್ಯ ಧ್ವನಿಮುದ್ರಣದಲ್ಲಿ ಸೆಕೆಂಡಿಗೆ 44,100 ಮಾದರಿಗಳನ್ನು ತೆಗೆದಿಡುತ್ತಾರೆ; ಆದ್ದರಿಂದ ಅದರ ಅರ್ಧವಾದ 22,050 ಕಂಪನಗಳಿಗಿಂತ ಮೇಲಿನದು ಯಾವುದೂ ಅದರಲ್ಲಿ ಉಳಿಯಲಾರದು. ಮೊಬೈಲಿನ ಪುಟ್ಟ ಧ್ವನಿವರ್ಧಕವೋ ಕೆಳಗಿನ ಗುಡುಗನ್ನೂ ಹೊರಡಿಸಲಾರದು. ನಮಗೆ ಅದು ಪಟಾಕಿಯಂತೆಯೇ ಕೇಳಿಸಬಹುದು. ನಾಯಿಗೆ ಅದು ತಲೆಯನ್ನೂ ಕಾಲನ್ನೂ ಕತ್ತರಿಸಿದ ಪಟಾಕಿ.

ಔಷಧದ ವಿಷಯವನ್ನು ಪಶುವೈದ್ಯರಿಗೇ ಬಿಡಬೇಕು. ವಿಪರೀತ ಹೆದರುವ ನಾಯಿಗಳಿಗೆ ಈಗ ಒಳ್ಳೆಯ ಮದ್ದುಗಳಿವೆ. ಒಸಡಿಗೆ ಸವರುವ ಡೆಕ್ಸ್‌ಮೆಡಿಟೊಮಿಡೀನ್ ಎಂಬ ಲೇಪಕ್ಕೆ 2015ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅಸಿಪ್ರೊಮಜೀನ್ ಎಂಬ ಹಳೆಯ ಮದ್ದನ್ನು ಒಂದನ್ನೇ ಕೊಟ್ಟರೆ ನಾಯಿಯ ಮೈ ಜಡವಾಗುತ್ತದೆಯೇ ಹೊರತು ಭಯ ಅಡಗುವುದಿಲ್ಲ. ಓಡಲಾರದೆ ಮಲಗಿಕೊಂಡೇ ಹೆದರುತ್ತಿರುತ್ತದೆ. ಮತ್ತೆ ಅದೇ ಪಾಠ: ಹೊರಗೆ ಕಾಣದು, ಒಳಗೆ ಇದೆ. ಮನುಷ್ಯರ ಮಾತ್ರೆಗಳನ್ನು ಮುರಿದು ಕೊಡುವುದು ಅಪಾಯಕರ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನಾಯಿಗೆ ವಿಷ.

ಹಬ್ಬದ ಅಡಿಗೆಯಲ್ಲಿಯೂ ವಿಷವಿದೆಯೆಂದರೆ ಆಶ್ಚರ್ಯವಾದೀತು. ಪಾಯಸಕ್ಕೂ ಲಾಡುವಿಗೂ ಹಾಕುವ ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಚಾಕೊಲೇಟು ಹೃದಯಕ್ಕೆ ಕೆಟ್ಟದು. ಸುರುಸುರು ಬತ್ತಿ, ಮತಾಪು, ಹೂಕುಂಡಗಳಲ್ಲಿ ಬಹುಕಾಲದಿಂದ ಬಳಸುತ್ತ ಬಂದ ಬೇರಿಯಂ ಲವಣ ಹೊಟ್ಟೆಗೆ ಹೋದರೆ ರಕ್ತದ ಪೊಟ್ಯಾಸಿಯಂ ಕುಸಿದು ಸ್ನಾಯುಗಳೂ ಹೃದಯವೂ ಸೋಲುತ್ತವೆ. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಬೇರಿಯಂ ಲವಣಗಳನ್ನು ನಿಷೇಧಿಸಿತು. ಅದೇ ತೀರ್ಪಿನಲ್ಲಿ ಸರಪಟಾಕಿಗಳನ್ನೂ ನಿಷೇಧಿಸಿ, ದೀಪಾವಳಿಯಂದು ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಪಟಾಕಿ ಹಚ್ಚಬೇಕೆಂದೂ 'ಹಸಿರು ಪಟಾಕಿ'ಗಳನ್ನೇ ಬಳಸಬೇಕೆಂದೂ ವಿಧಿಸಿತು. ಹಸಿರು ಪಟಾಕಿಯೆಂದರೆ ಹೊಗೆ ಕಡಿಮೆಯಾದ ಪಟಾಕಿ, ಸದ್ದಿಲ್ಲದ ಪಟಾಕಿಯಲ್ಲ. ನಾಯಿಯ ಮಟ್ಟಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ನಿಗದಿಯಾದ ವೇಳೆಯನ್ನು ಪಾಲಿಸಿದರೆ ಆಗುವ ಲಾಭವೇ ದೊಡ್ಡದು, ಏಕೆಂದರೆ ಆಗ ನಾಯಿಯನ್ನು ಒಳಗಿರಿಸಬೇಕಾದ ಹೊತ್ತು ಯಾವುದೆಂದು ಮೊದಲೇ ತಿಳಿದಿರುತ್ತದೆ.

ನಮ್ಮ ಊರುಗಳಲ್ಲಿ ನಾಯಿಯನ್ನು ನಸುಕಿನಲ್ಲಿ ತಿರುಗಾಡಿಸುವ ರೂಢಿಯಿದೆ. ನರಕಚತುರ್ದಶಿಯಂದು ಅದು ಅತ್ಯಂತ ಕೆಟ್ಟ ಹೊತ್ತು. ಬೆಳಗಿನ ಸದ್ದು ಅಡಗಿದ ಮೇಲೆ ಹತ್ತು ಹನ್ನೊಂದು ಗಂಟೆಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ, ಗಟ್ಟಿಯಾದ ಹಗ್ಗ ಹಿಡಿದೇ ಹೊರಗೆ ಕರೆದೊಯ್ಯಬೇಕು. ಆಮೇಲೆ ಹೊಟ್ಟೆ ತುಂಬ ಊಟ. ಕತ್ತಲಾಗುವ ಮುನ್ನ ಒಳಗೆ. ಕತ್ತಿನ ಪಟ್ಟಿಯ ಮೇಲೆ ಮನೆಯವರ ದೂರವಾಣಿ ಸಂಖ್ಯೆ ಬರೆದಿರಬೇಕು. ಕಾಂಪೌಂಡಿನಲ್ಲಿ ಸರಪಣಿ ಹಾಕಿ ಕಟ್ಟಿ ಬಿಡುವುದು ಕ್ರೌರ್ಯಕ್ಕೆ ಸಮೀಪ. ಓಡಲೂ ಆಗದೆ ಅಡಗಲೂ ಆಗದೆ ಕೆಲವು ನಾಯಿಗಳು ಕೊರಳಿಗೆ ಉರುಲು ಬಿಗಿದುಕೊಂಡದ್ದುಂಟು.

ಮಂಚವೂ ಇಲ್ಲದ, ನಡುಮನೆಯೂ ಇಲ್ಲದ ಬೀದಿಯ ನಾಯಿಗಳ ಗತಿಯೇನು? ನೇಪಾಳದಲ್ಲಿ ನಮ್ಮ ನರಕಚತುರ್ದಶಿಯ ದಿನವೇ 'ಕುಕುರ್ ತಿಹಾರ್' ಎಂಬ ಹಬ್ಬ. ಅಂದು ಸಾಕಿದ ನಾಯಿಗೂ ಬೀದಿಯ ನಾಯಿಗೂ ಹಣೆಗೆ ತಿಲಕವಿಟ್ಟು, ಚೆಂಡುಹೂವಿನ ಮಾಲೆ ಹಾಕಿ, ಒಳ್ಳೆಯ ಊಟವಿಕ್ಕುತ್ತಾರೆ. ಅದೇ ದಿನ ನಮ್ಮ ಕೆಲವು ಬೀದಿಗಳಲ್ಲಿ ಹುಡುಗರು ನಾಯಿಯ ಬಾಲಕ್ಕೆ ಪಟಾಕಿ ಕಟ್ಟಿ ನಗುವುದನ್ನು ನೋಡಿದ್ದೇನೆ. ಇದು ತುಂಟತನವಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಮಾಲೆ ಹಾಕುವುದು ಆಗದಿದ್ದರೂ ಆ ಮೂರು ರಾತ್ರಿ ಗೇಟನ್ನು ಅರೆ ತೆರೆದಿಟ್ಟು, ಮೆಟ್ಟಿಲ ಕೆಳಗೆ ಒಂದು ಗೋಣಿಚೀಲ ಹಾಸಿ, ನೀರಿಟ್ಟರೆ ಬೀದಿಯ ನಾಯಿ ತಾನಾಗಿ ಬಂದು ಮಲಗುತ್ತದೆ. ದಿಕ್ಕೆಟ್ಟು ಓಡುವ ನಾಯಿಗೆ ಅಡ್ಡನಿಂತು ಹಿಡಿಯಲು ಹೋಗಬಾರದು. ಗಾಬರಿಯಲ್ಲಿ ಎಂಥ ಸಾಧುವೂ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಹಬ್ಬ ಮುಗಿದ ಬೆಳಗ್ಗೆ ಬೀದಿಯ ತುಂಬ ಕೆಂಪು ಕಾಗದದ ಚೂರುಗಳು ಬಿದ್ದಿರುತ್ತವೆ. ಅವುಗಳ ನಡುವೆ ಸಿಡಿಯದೆ ಉಳಿದ ಪಟಾಕಿಗಳೂ ಸುರುಸುರು ಬತ್ತಿಯ ಸುಟ್ಟ ತಂತಿಗಳೂ ಇರುತ್ತವೆ. ನಾಯಿಗೆ ಎಲ್ಲವನ್ನೂ ಮೂಸುವ, ಕೆಲವನ್ನು ಅಗಿಯುವ ಸ್ವಭಾವ. ಮನೆಯ ಮುಂದಿನಷ್ಟನ್ನಾದರೂ ಗುಡಿಸಿ, ಸಿಡಿಯದವನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಆಮೇಲೆ ನಾಯಿಯನ್ನು ಹೊರಗೆ ಬಿಡಬೇಕು. ತುಳಸಿಹಬ್ಬದವರೆಗೂ ಅಲ್ಲೊಂದು ಇಲ್ಲೊಂದು ಪಟಾಕಿ ಸಿಡಿಯುತ್ತಲೇ ಇರುವುದರಿಂದ ಆ ಹನ್ನೆರಡು ದಿನ ಹಗ್ಗ ಕೈಯಲ್ಲಿರಲಿ.